ತಿಳಿದದ್ದು, ಒಪ್ಪಿದ್ದು, ಮಾಡಿದ್ದು

ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಿ. ಮಧ್ಯಾಹ್ನದ ಬಿಸಿಯೂಟಕ್ಕೆ ಇನ್ನು ಹತ್ತು ನಿಮಿಷವಿದೆ. ಏಳನೆಯ ತರಗತಿಯಲ್ಲಿ ಆರೋಗ್ಯದ ಪಾಠ ನಡೆಯುತ್ತಿದೆ. "ಊಟಕ್ಕೆ ಮುಂಚೆ ಕೈ ಏಕೆ ತೊಳೆಯಬೇಕು?" ಎಂದು ಮೇಷ್ಟ್ರು ಕೇಳುತ್ತಾರೆ. ತರಗತಿಯ ಎಲ್ಲ ಕೈಗಳೂ ಮೇಲೇಳುತ್ತವೆ. ರೋಗಾಣು, ಭೇದಿ, ಜಂತುಹುಳು, ಟೈಫಾಯಿಡ್ ಎಂದು ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ಮೇಷ್ಟ್ರಿಗೆ ಸಂತೋಷವಾಗುತ್ತದೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಮಕ್ಕಳು ತಟ್ಟೆ ಹಿಡಿದು ಓಡುತ್ತಾರೆ. ಇನ್ನೂರು ಮಕ್ಕಳಿಗೆ ಎರಡೇ ನಲ್ಲಿ. ಅವುಗಳಲ್ಲಿ ಒಂದರಲ್ಲಿ ನೀರು ಸಣ್ಣಗೆ ಬರುತ್ತಿದೆ. ಸಾಬೂನು ಕಳುವಾಗುತ್ತದೆಂದು ಅದನ್ನು ಕಚೇರಿಯ ಬೀರುವಿನಲ್ಲಿ ಇಟ್ಟಿದ್ದಾರೆ. ಮುಂದಿದ್ದ ಕೆಲವರು ಕೈ ಒದ್ದೆ ಮಾಡಿಕೊಂಡರು, ಉಳಿದವರು ಅಂಗಿಗೆ ಒರೆಸಿಕೊಂಡು ಊಟಕ್ಕೆ ಕುಳಿತರು.

ಈಗ ಹೇಳಿ, ಈ ಮಕ್ಕಳು ಪರೀಕ್ಷೆಯಲ್ಲಿ ಪಾಸೋ ಫೇಲೋ? ಉತ್ತರಪತ್ರಿಕೆ ನೋಡಿದರೆ ನೂರಕ್ಕೆ ನೂರು. ತಟ್ಟೆಯ ಮುಂದೆ ನೋಡಿದರೆ ಸೊನ್ನೆ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂಬ ಗಾದೆ ನಮ್ಮಲ್ಲಿದೆ. ಹೇಳುವುದೊಂದು ಮಾಡುವುದೊಂದು ಎನ್ನುವವರನ್ನು ಹಂಗಿಸಲು ಅದನ್ನು ಬಳಸುತ್ತೇವೆ. ಆದರೆ ಆ ಮಕ್ಕಳನ್ನು ಹಂಗಿಸಿ ಪ್ರಯೋಜನವೇನು? ಅವರು ಸುಳ್ಳು ಹೇಳಲಿಲ್ಲ. ತಿಳಿದದ್ದನ್ನೇ ಹೇಳಿದರು. ತಿಳಿದದ್ದು ಕೈಗೆ ಇಳಿಯುವ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಬಿದ್ದಿದೆ. ಆ ತಡೆ ಎಲ್ಲಿದೆ, ಅದನ್ನು ಹೇಗೆ ಹುಡುಕಬೇಕು ಎಂಬುದೇ ಈ ಲೇಖನದ ವಿಷಯ.

ಮೂರು ಮಾತು

ಆರೋಗ್ಯ ಮತ್ತು ಸಮಾಜ ವಿಜ್ಞಾನದ ಅಧ್ಯಯನಗಳಲ್ಲಿ ಮೂರು ಪದಗಳು ಒಟ್ಟೊಟ್ಟಿಗೆ ಬರುತ್ತವೆ: ತಿಳಿವಳಿಕೆ, ಮನೋಭಾವ, ನಡವಳಿಕೆ. ಒಬ್ಬ ವಿದ್ಯಾರ್ಥಿಗೆ ಏನು ಗೊತ್ತಿದೆ ಎಂಬುದು ತಿಳಿವಳಿಕೆ. ಆ ವಿಷಯದ ಬಗ್ಗೆ ಅವನ ಮನಸ್ಸಿನ ಒಲವು ಯಾವ ಕಡೆಗಿದೆ, ಭಯವೋ ನಾಚಿಕೆಯೋ ಒಪ್ಪಿಗೆಯೋ ಎಂಬುದು ಮನೋಭಾವ. ನಿಜವಾಗಿ ಅವನು ಮಾಡುವುದೇನು ಎಂಬುದು ನಡವಳಿಕೆ. ಈ ಮೂರನ್ನೂ ಒಂದೇ ಪ್ರಶ್ನಾವಳಿಯಲ್ಲಿ ಕೇಳಿ, ಹೋಲಿಸಿ ನೋಡುವ ಸಮೀಕ್ಷೆಗಳು ಇಂದು ಶಾಲೆ ಕಾಲೇಜುಗಳಲ್ಲಿ ಬಹಳ ನಡೆಯುತ್ತವೆ. ನರ್ಸಿಂಗ್, ವೈದ್ಯಕೀಯ ಮತ್ತು ಸಮಾಜಕಾರ್ಯದ ವಿದ್ಯಾರ್ಥಿಗಳು ಪ್ರಬಂಧಕ್ಕೆಂದು ಇಂಥ ಪ್ರಶ್ನಾವಳಿ ಹಿಡಿದು ಬರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಈ ವಿಧಾನ ಹೊಸದಲ್ಲ. 1950 ಮತ್ತು 60ರ ದಶಕಗಳಲ್ಲಿ ಕುಟುಂಬ ಯೋಜನೆಯ ಬಗ್ಗೆ ಅನೇಕ ದೇಶಗಳಲ್ಲಿ ಇಂಥ ಸಮೀಕ್ಷೆಗಳು ನಡೆದವು. ಗರ್ಭನಿರೋಧದ ವಿಧಾನ ಗೊತ್ತೇ, ಅದನ್ನು ಒಪ್ಪುತ್ತೀರಾ, ಬಳಸುತ್ತೀರಾ ಎಂದು ದಂಪತಿಗಳನ್ನು ಕೇಳಲಾಯಿತು. ಗೊತ್ತು ಎಂದವರು ಹಲವರು, ಒಪ್ಪುತ್ತೇವೆ ಎಂದವರೂ ಹಲವರು, ಬಳಸುವವರು ಮಾತ್ರ ಕಡಿಮೆ. ಈ ಅಂತರಕ್ಕೆ ಸಂಶೋಧಕರು ಒಂದು ಹೆಸರನ್ನೇ ಕೊಟ್ಟರು. ಮೊದಮೊದಲು, ಇನ್ನಷ್ಟು ಪ್ರಚಾರ ಮಾಡಿದರೆ ಅಂತರ ತಾನಾಗಿ ಮುಚ್ಚಿಹೋಗುತ್ತದೆ ಎಂದು ಭಾವಿಸಿದರು. ಹಾಗಾಗಲಿಲ್ಲ. ಬಂದ ಅತಿಥಿಯ ಮನಸ್ಸು ನೋಯಿಸಬಾರದೆಂದು "ಹೌದು, ಒಳ್ಳೆಯದೇ" ಎಂದು ಹೇಳಿದವರು ಎಷ್ಟೋ ಮಂದಿ. ಒಪ್ಪಿಗೆ ಇದ್ದರೂ ಮನೆಯಲ್ಲಿ ನಿರ್ಧಾರದ ಅಧಿಕಾರ ಇಲ್ಲದ ಹೆಂಗಸರು ಇನ್ನೆಷ್ಟೋ ಮಂದಿ. ಹತ್ತಿರದಲ್ಲಿ ಸೌಲಭ್ಯವೇ ಇಲ್ಲದವರೂ ಇದ್ದರು.

ಆ ಅನುಭವ ಕಲಿಸಿದ ಪಾಠ ಇಂದಿಗೂ ನಿಜ. ತಿಳಿವಳಿಕೆಯಿಂದ ಮನೋಭಾವ, ಮನೋಭಾವದಿಂದ ನಡವಳಿಕೆ ಎಂದು ಮೆಟ್ಟಿಲು ಹತ್ತಿದಂತೆ ಮನುಷ್ಯ ಬದಲಾಗುವುದಿಲ್ಲ. ಯಾವ ಮೆಟ್ಟಿಲು ಮುರಿದಿದೆ ಎಂಬುದು ಒಂದೊಂದು ವಿಷಯದಲ್ಲಿ ಒಂದೊಂದು ಬಗೆ. ನಮ್ಮ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಐದು ವಿಷಯಗಳನ್ನು ತೆಗೆದುಕೊಂಡು ನೋಡೋಣ.

ನೀಲಿ ಮಾತ್ರೆಯ ಕಥೆ

ಮೊದಲನೆಯದು ರಕ್ತಹೀನತೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59.1 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹತ್ತು ಮಂದಿಯಲ್ಲಿ ಸುಮಾರು ಆರು ಮಂದಿ. ಅದೇ ವಯಸ್ಸಿನ ಹುಡುಗರಲ್ಲಿ ಶೇಕಡಾ 31.1. ಇದು ಹೆಣ್ಣುಮಕ್ಕಳ ತೊಂದರೆ ಮಾತ್ರ ಎಂದುಕೊಂಡವರು ಈ ಎರಡನೆಯ ಅಂಕಿಯನ್ನೂ ಗಮನಿಸಬೇಕು.

ರಕ್ತ ಕಡಿಮೆಯಾದ ಮಗು ಸಾಮಾನ್ಯವಾಗಿ ಹಾಸಿಗೆ ಹಿಡಿಯುವುದಿಲ್ಲ. ಅದಕ್ಕೇ ಯಾರೂ ಗಮನಿಸುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಪಾಠದಲ್ಲಿ ತೂಕಡಿಕೆ, ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತು. ಮನೆಯಲ್ಲಿ "ಸೋಮಾರಿ" ಎನ್ನುತ್ತಾರೆ, ಶಾಲೆಯಲ್ಲಿ "ಗಮನವಿಲ್ಲ" ಎನ್ನುತ್ತಾರೆ. ಮುಂದೆ ಅದೇ ಹುಡುಗಿ ತಾಯಿಯಾಗುವಾಗ ಈ ಕೊರತೆ ಅವಳ ಜೀವಕ್ಕೂ ಮಗುವಿನ ತೂಕಕ್ಕೂ ಸಂಚಕಾರ ತರಬಲ್ಲದು.

ಇದಕ್ಕಾಗಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮವಿದೆ. 2018ರ ಅನಿಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಹದಿಹರೆಯದವರಿಗೆ ನಿಗದಿಯಾದದ್ದು ನೀಲಿ ಬಣ್ಣದ ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮಾತ್ರೆ ಶಾಲೆಗೆ ಬರುತ್ತದೆ, ಹಂಚಿಕೆಯಾಗುತ್ತದೆ, ದಾಖಲೆಯೂ ಆಗುತ್ತದೆ. ಆದರೆ ಹಂಚಿದ ಮಾತ್ರೆ ಹೊಟ್ಟೆಗೆ ಹೋಯಿತೋ ಕಿಟಕಿಯಾಚೆಗೆ ಹೋಯಿತೋ ಎಂಬುದನ್ನು ಹಾಜರಿ ಪುಸ್ತಕ ಹೇಳುವುದಿಲ್ಲ.

ಇಲ್ಲಿ ತಡೆ ಎಲ್ಲಿದೆ? "ರಕ್ತಹೀನತೆ ಎಂದರೇನು?" ಎಂದು ಕೇಳಿದರೆ ಮಕ್ಕಳು ಹೇಳಿಯಾರು. ಆದರೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ಕೆಲವರಿಗೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಿದವರು ಎಷ್ಟು ಜನ? ಹೇಳದಿದ್ದರೆ ಮೊದಲ ವಾರವೇ ಒಬ್ಬಳಿಗೆ ವಾಂತಿಯಾಗುತ್ತದೆ, ಎರಡನೆಯ ವಾರ ಇಡೀ ತರಗತಿಗೆ ಭಯ ಹಬ್ಬುತ್ತದೆ, ಮೂರನೆಯ ವಾರ ತಾಯಂದಿರು ಬಂದು "ನಮ್ಮ ಮಗುವಿಗೆ ಕೊಡಬೇಡಿ" ಎನ್ನುತ್ತಾರೆ. ಊಟವಾದ ಮೇಲೆ ನುಂಗಿ, ಮಲ ಕಪ್ಪಾದರೆ ಹೆದರಬೇಡಿ, ಜೊತೆಗೆ ಚಹಾ ಕಾಫಿ ಬೇಡ, ನಿಂಬೆ, ನೆಲ್ಲಿ, ಸೀಬೆಯಂಥ ಹುಳಿ ಹಣ್ಣು ಒಳ್ಳೆಯದು ಎಂಬ ನಾಲ್ಕು ಮಾತು ರೋಗದ ವ್ಯಾಖ್ಯೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪಠ್ಯದ ತಿಳಿವಳಿಕೆ ಬೇರೆ, ಬಳಕೆಯ ತಿಳಿವಳಿಕೆ ಬೇರೆ. ಪ್ರಶ್ನಾವಳಿ ಎರಡನೆಯದನ್ನು ಕೇಳಬೇಕು.

ಗೊತ್ತಿದ್ದೂ ಬಾಯಿಗೆ

ಎರಡನೆಯದು ತಂಬಾಕು. ಇಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ. ಪೊಟ್ಟಣದ ಮೇಲೆಯೇ ಎಚ್ಚರಿಕೆಯ ಚಿತ್ರವಿದೆ, ಚಿತ್ರಮಂದಿರದಲ್ಲಿ ಸಿನಿಮಾಕ್ಕೆ ಮುಂಚೆ ಎಚ್ಚರಿಕೆಯ ಮಾತಿದೆ. 2019ರಲ್ಲಿ ದೇಶದ 13ರಿಂದ 15 ವರ್ಷದ ವಿದ್ಯಾರ್ಥಿಗಳ ನಡುವೆ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ, ಬೇರೆಯವರು ಸೇದುವ ಸಿಗರೇಟಿನ ಹೊಗೆ ತಮಗೂ ಹಾನಿಕರ ಎಂದವರು ಶೇಕಡಾ 71. ಆದರೂ ಆಗ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದವರು ಶೇಕಡಾ 8.5: ಹುಡುಗರಲ್ಲಿ 9.6, ಹುಡುಗಿಯರಲ್ಲಿ 7.4. ಅಂದರೆ ಸರಿಸುಮಾರು ಹನ್ನೆರಡು ಮಂದಿಗೆ ಒಬ್ಬರು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನಮ್ಮನ್ನು ಬೆಚ್ಚಿಬೀಳಿಸಬೇಕು. ಅಗಿಯುವ, ಮೂಸುವ ತಂಬಾಕನ್ನು ಎಂದಾದರೂ ಬಳಸಿದ್ದ ಮಕ್ಕಳಲ್ಲಿ ಶೇಕಡಾ 52 ಮಂದಿ ಅದನ್ನು ಮೊದಲು ಬಾಯಿಗಿಟ್ಟದ್ದು ಹತ್ತನೆಯ ಹುಟ್ಟುಹಬ್ಬಕ್ಕೂ ಮುಂಚೆ. ತಂಬಾಕಿನ ಕೆಡುಕಿನ ಬಗ್ಗೆ ನಾವು ಪ್ರೌಢಶಾಲೆಯಲ್ಲಿ ಭಾಷಣ ಸ್ಪರ್ಧೆ ಏರ್ಪಡಿಸುವ ಹೊತ್ತಿಗೆ ಆ ಮಗು ನಾಲ್ಕನೆಯ ತರಗತಿಯಲ್ಲೇ ರುಚಿ ನೋಡಿಯಾಗಿರುತ್ತದೆ.

ಇಲ್ಲಿ ತಡೆ ತಲೆಯಲ್ಲಿಲ್ಲ, ಬೀದಿಯಲ್ಲಿದೆ, ಮನೆಯಲ್ಲಿದೆ. ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಇರುತ್ತದೆ. ಅಪ್ಪ ಹತ್ತು ರೂಪಾಯಿ ಕೊಟ್ಟು "ಹೋಗಿ ಒಂದು ಕಟ್ಟು ಬೀಡಿ ತಾ" ಎನ್ನುತ್ತಾನೆ. ಶಾಲೆಯ ಹಾದಿಯ ಅಂಗಡಿಯಲ್ಲಿ ಮಿಠಾಯಿಯ ಪಕ್ಕದಲ್ಲೇ ಪೊಟ್ಟಣಗಳ ಸರ ನೇತಾಡುತ್ತದೆ. 2003ರ ಕೇಂದ್ರ ಕಾಯ್ದೆ ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ ತಂಬಾಕು ಮಾರಾಟವನ್ನೂ, 18 ವರ್ಷದೊಳಗಿನವರಿಗೆ ಮಾರುವುದನ್ನೂ ನಿಷೇಧಿಸಿತು. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ವಯಸ್ಸಿನ ಮಿತಿಯನ್ನು 21ಕ್ಕೆ ಏರಿಸಿತು. ಗುಟ್ಕಾ ಮಾರಾಟವನ್ನು ರಾಜ್ಯ 2013ರಲ್ಲೇ ನಿಷೇಧಿಸಿತ್ತು. ಕಾನೂನಿಗೆ ಬರವಿಲ್ಲ. ಆದರೆ ಮಗುವಿಗೆ ನಿಜವಾದ ಪಾಠ ಹೇಳುವುದು ಕಾಯ್ದೆಯ ಪುಸ್ತಕವಲ್ಲ, ಅಂಗಡಿಯಲ್ಲಿ ಕಾಣುವ ದೃಶ್ಯ. "ಎಲ್ಲರೂ ಹಾಕುತ್ತಾರೆ, ಯಾರಿಗೂ ಏನೂ ಆಗಿಲ್ಲ" ಎಂಬ ಮನೋಭಾವ ಹುಟ್ಟುವುದು ಅಲ್ಲಿಯೇ.

ಆದ್ದರಿಂದ ವಿದ್ಯಾರ್ಥಿಗಳನ್ನು "ತಂಬಾಕು ಕೆಟ್ಟದ್ದೇ?" ಎಂದು ಕೇಳುವುದು ವ್ಯರ್ಥ. "ಸ್ನೇಹಿತ ಕೊಟ್ಟರೆ ಬೇಡ ಎನ್ನುವುದು ಹೇಗೆ?" ಎಂದು ಕೇಳಿ ನೋಡಿ. ತರಗತಿ ಒಮ್ಮೆಲೇ ಸುಮ್ಮನಾಗುತ್ತದೆ. ಅವರಿಗೆ ಕಲಿಸಬೇಕಾದದ್ದು ಆ ಉತ್ತರವನ್ನು. ಅದನ್ನೇ ಜೀವನ ಕೌಶಲ ಎನ್ನುವುದು.

ಹೆಸರು ಕೇಳಿದ್ದೇವೆ, ಅಷ್ಟೇ

ಮೂರನೆಯದು ಎಚ್‌ಐವಿ. ಭಾರತದಲ್ಲಿ ಮೊದಲ ಸೋಂಕು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಗೋಡೆಬರಹ, ಬೀದಿನಾಟಕ, ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್ಬುಗಳ ಮೂಲಕ ಅದರ ಹೆಸರು ಮನೆಮನೆಗೂ ತಲುಪಿದೆ. ಆದರೆ ಹೆಸರು ಕೇಳುವುದೇ ತಿಳಿವಳಿಕೆಯಲ್ಲ.

ಕುಟುಂಬ ಆರೋಗ್ಯ ಸಮೀಕ್ಷೆಯವರು "ಸಮಗ್ರ ತಿಳಿವಳಿಕೆ" ಎಂಬ ಅಳತೆಗೋಲು ಇಟ್ಟುಕೊಂಡಿದ್ದಾರೆ. ಕಾಂಡೋಮ್ ಬಳಕೆ ಮತ್ತು ಸೋಂಕಿಲ್ಲದ ಒಬ್ಬರೇ ಸಂಗಾತಿಯೊಂದಿಗಿನ ನಿಷ್ಠೆ ಅಪಾಯ ತಗ್ಗಿಸುತ್ತದೆ ಎಂದು ಗೊತ್ತಿರಬೇಕು. ನೋಡಲು ಆರೋಗ್ಯವಂತನಾದವನಲ್ಲೂ ಸೋಂಕು ಇರಬಹುದೆಂದು ಗೊತ್ತಿರಬೇಕು. ಜೊತೆಗೆ, ಜನರಲ್ಲಿ ಸಾಮಾನ್ಯವಾಗಿರುವ ಎರಡು ತಪ್ಪು ಕಲ್ಪನೆಗಳನ್ನು ತಳ್ಳಿಹಾಕಬೇಕು. ಇಷ್ಟೂ ಇದ್ದವರು 2019–21ರಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 21.6, ಪುರುಷರಲ್ಲಿ ಶೇಕಡಾ 30.7 ಮಾತ್ರ. ಒಂದೊಂದೇ ಸಂಗತಿ ಹಲವರಿಗೆ ಗೊತ್ತು, ಎಲ್ಲವೂ ಸೇರಿ ಗೊತ್ತಿರುವವರು ಕೆಲವರೇ.

ಅರ್ಧ ತಿಳಿವಳಿಕೆ ಅಜ್ಞಾನಕ್ಕಿಂತ ಕೆಲವೊಮ್ಮೆ ಕ್ರೂರ. ಅದು ಹರಡುವ ರೋಗ ಎಂದು ಗೊತ್ತಿದ್ದು, ಹೇಗೆ ಹರಡುತ್ತದೆ ಎಂದು ಗೊತ್ತಿಲ್ಲದ ಪೋಷಕರು ಏನು ಮಾಡುತ್ತಾರೆ? ಸೋಂಕಿತ ತಾಯಿಯ ಮಗುವಿನ ಪಕ್ಕ ತಮ್ಮ ಮಗು ಕೂರಬಾರದು ಎನ್ನುತ್ತಾರೆ. ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಹಂಚಿಕೊಂಡ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಒಂದೇ ಬೆಂಚಿನಲ್ಲಿ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಉಚಿತವಾಗಿ ದೊರೆಯುತ್ತಿರುವ ಔಷಧಿಗಳಿಂದ ಸೋಂಕಿತರು ದೀರ್ಘಕಾಲ ಚೆನ್ನಾಗಿ ಬದುಕಬಲ್ಲರು. 2017ರ ಕಾಯ್ದೆ ಶಿಕ್ಷಣ ಸಂಸ್ಥೆಗಳಲ್ಲಿ ಅವರ ವಿರುದ್ಧದ ತಾರತಮ್ಯವನ್ನು ನಿಷೇಧಿಸಿದೆ. ಇಲ್ಲಿ ಸರಿಪಡಿಸಬೇಕಾದದ್ದು ಎರಡು: ತಿಳಿವಳಿಕೆಯ ಉಳಿದರ್ಧ, ಮತ್ತು ಅದರ ಹಿಂದಿರುವ ಭಯ. ಭಯವನ್ನು ಭಿತ್ತಿಪತ್ರ ಓಡಿಸಲಾರದು. ಗುರುಗಳು ಆ ಮಗುವಿನ ಪಕ್ಕ ಕುಳಿತು ಊಟ ಮಾಡಿದರೆ ಓಡೀತು. ಆದರೆ ಮಗುವಿನ ಸೋಂಕಿನ ವಿಷಯ ಎಲ್ಲರಿಗೂ ಸಾರಬೇಕೆಂದು ಇದರ ಅರ್ಥವಲ್ಲ. ಅದನ್ನು ಗುಟ್ಟಾಗಿ ಇಡುವುದು ಮಗುವಿನ ಹಕ್ಕು.

ನಡವಳಿಕೆಯೇ ಮುಂದೆ ನಡೆದಾಗ

ನಾಲ್ಕನೆಯದು ಮುಟ್ಟಿನ ನೈರ್ಮಲ್ಯ. ಇದು ತಲೆಕೆಳಗಾದ ಉದಾಹರಣೆ. ದೇಶದಲ್ಲಿ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಮುಟ್ಟಿನ ಸಮಯದಲ್ಲಿ ಶುಚಿಯಾದ ಸಾಧನ ಬಳಸುವವರು 2015–16ರಲ್ಲಿ ಶೇಕಡಾ 57.6 ಇದ್ದದ್ದು 2019–21ರಲ್ಲಿ 77.3ಕ್ಕೆ ಏರಿತು. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ 70.3ರಿಂದ 84.2ಕ್ಕೆ ಏರಿತು. ಪೇಟೆಯಲ್ಲಿ ಅಗ್ಗದ ಪ್ಯಾಡುಗಳು ಸಿಗತೊಡಗಿದ್ದು, ಶಾಲಾ ಹುಡುಗಿಯರಿಗೆ ಉಚಿತವಾಗಿ ಕೊಡುವ ಯೋಜನೆಗಳು, ಆಶಾ ಕಾರ್ಯಕರ್ತೆಯರು, ಎಲ್ಲರೂ ಇದಕ್ಕೆ ಕೈಜೋಡಿಸಿದರು. ವಸ್ತು ಕೈಗೆ ಸಿಕ್ಕಿತು, ನಡವಳಿಕೆ ಬದಲಾಯಿತು.

ಮನೋಭಾವ? ಔಷಧದಂಗಡಿಯಲ್ಲಿ ಆ ಪೊಟ್ಟಣವನ್ನು ಇನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಮೂರು ದಿನ ಹುಡುಗಿ ಇನ್ನೂ ಮೂಲೆಯಲ್ಲೇ. ಬಳಸಿದ್ದನ್ನು ಎಲ್ಲಿ ಹಾಕಬೇಕೆಂದು ಕೇಳಲು ನಾಚಿಕೆ. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದಿದ್ದರೆ ಆ ದಿನಗಳಲ್ಲಿ ಹುಡುಗಿ ಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ "ಹೊಟ್ಟೆನೋವು" ಎಂದು ಬರೆದುಕೊಳ್ಳುತ್ತಾರೆ.

ಮನೋಭಾವದ ಬೇರು ಆಳಕ್ಕಿಳಿಯದ ನಡವಳಿಕೆ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಪ್ಯಾಡಿನ ವಿತರಣೆ ಒಂದು ವರ್ಷ ನಿಂತರೆ, ಮನೆಯಲ್ಲಿ ಹಣ ಕೇಳಲು ನಾಚುವ ಹುಡುಗಿ ಹಳೆಯ ಬಟ್ಟೆಗೇ ಮರಳಬೇಕಾಗುತ್ತದೆ. ಆ ಬಟ್ಟೆಯನ್ನು ಬಿಸಿಲಿಗೆ ಹರವಲೂ ನಾಚಿಕೆಯಾಗಿ ಕತ್ತಲ ಮೂಲೆಯಲ್ಲಿ ಒಣಗಿಸುತ್ತಾಳೆ. ಅಪಾಯವಿರುವುದು ಬಟ್ಟೆಯಲ್ಲಲ್ಲ. ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆ ಸುರಕ್ಷಿತವೇ. ಅಪಾಯವಿರುವುದು ನಾಚಿಕೆಯಲ್ಲಿ. ಈ ಪಾಠದ ಹೊತ್ತಿಗೆ ಹುಡುಗರನ್ನು ಮೈದಾನಕ್ಕೆ ಕಳಿಸಿಬಿಡುವ ನಮ್ಮ ಪದ್ಧತಿಯೇ ಆ ನಾಚಿಕೆಯನ್ನು ಮುಂದಿನ ಪೀಳಿಗೆಗೂ ಸಾಗಿಸುತ್ತದೆ. ಅಂಗಡಿಯವನೂ ಅಪ್ಪನೂ ಗಂಡನೂ ಆಗುವವರು ಆ ಹುಡುಗರೇ ಅಲ್ಲವೇ?

ಗೊತ್ತಿದೆ, ಒಪ್ಪಿಗೆಯಿದೆ, ಕೈಯಲ್ಲಿಲ್ಲ

ಐದನೆಯದು ಬಾಲ್ಯವಿವಾಹ. ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮದುವೆ ಮಾಡಬಾರದೆಂದು ಪ್ರೌಢಶಾಲೆಯ ಹುಡುಗಿಗೆ ಗೊತ್ತಿರುತ್ತದೆ. ಓದಬೇಕೆಂಬ ಆಸೆಯೂ ಇರುತ್ತದೆ. ಪ್ರಶ್ನಾವಳಿಯಲ್ಲಿ ತಿಳಿವಳಿಕೆಗೂ ಮನೋಭಾವಕ್ಕೂ ಅವಳು ಪೂರ್ತಿ ಅಂಕ ಪಡೆಯುತ್ತಾಳೆ. ಆದರೆ ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲಿ ಮನೆಯಲ್ಲಿ ಗಂಡು ನೋಡುವ ಶಾಸ್ತ್ರ ನಡೆಯುತ್ತದೆ. 2019–21ರ ಸಮೀಕ್ಷೆಯಂತೆ 20ರಿಂದ 24 ವರ್ಷದ ಹೆಂಗಸರಲ್ಲಿ 18 ತುಂಬುವ ಮುಂಚೆಯೇ ಮದುವೆಯಾದವರು ದೇಶದಲ್ಲಿ ಶೇಕಡಾ 23.3, ಕರ್ನಾಟಕದಲ್ಲಿ 21.3. ಅದಕ್ಕೂ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ 21.4 ಇತ್ತು. ನಾಲ್ಕೈದು ವರ್ಷಗಳಲ್ಲಿ ನಾವು ಕದಲಿದ್ದು ಹೆಚ್ಚೇನೂ ಇಲ್ಲ.

ಇಲ್ಲಿ ನಿರ್ಧಾರ ವಿದ್ಯಾರ್ಥಿನಿಯದಲ್ಲ. ಅಪ್ಪನ ಸಾಲ, ವರದಕ್ಷಿಣೆಯ ಲೆಕ್ಕ, ಪಿಯು ಕಾಲೇಜಿಗೆ ಇಲ್ಲದ ಬಸ್ಸು, "ಹುಡುಗಿ ದಾರಿ ತಪ್ಪಿದರೆ" ಎಂಬ ಭಯ, ಇವೆಲ್ಲ ಸೇರಿ ನಿರ್ಧಾರ ಮಾಡುತ್ತವೆ. ಹಾಗಿದ್ದ ಮೇಲೆ ಅವಳಿಗೇ ಮತ್ತೆ ಮತ್ತೆ ಬಾಲ್ಯವಿವಾಹದ ದುಷ್ಪರಿಣಾಮ ಕುರಿತು ಪ್ರಬಂಧ ಬರೆಸಿದರೆ ಏನು ಫಲ? ಅವಳಿಗೆ ಬೇಕಾದ ತಿಳಿವಳಿಕೆ ಬೇರೆ: 1098 ಎಂಬ ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು, ಅದಕ್ಕೆ ಹಣ ಬೇಕಿಲ್ಲ. ಕರ್ನಾಟಕ 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಅಂದರೆ ತಾಳಿ ಕಟ್ಟಿದರೂ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ರಜೆಯಲ್ಲೂ ಅವಳು ಹೋಗಿ ಬಾಗಿಲು ತಟ್ಟಬಹುದಾದ ಒಬ್ಬ ಶಿಕ್ಷಕಿ ಊರಿನಲ್ಲಿ ಇರಬೇಕು.

ಕೇಳುವ ಕ್ರಮ

ಐದು ವಿಷಯಗಳಲ್ಲಿ ಐದು ಕಡೆ ತಡೆ ಕಂಡೆವು. ತಡೆ ಎಲ್ಲಿದೆಯೆಂದು ಕೂತಲ್ಲೇ ಊಹಿಸುವ ಬದಲು ವಿದ್ಯಾರ್ಥಿಗಳನ್ನೇ ಕೇಳುವುದು ಜಾಣತನ. ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಒಂದು ಶಾಲೆ, ಒಂದು ಎನ್‌ಎಸ್‌ಎಸ್ ಘಟಕ ಕೂಡ ಮಾಡಬಹುದು. ಆದರೆ ಕೆಲವು ನಿಯಮಗಳನ್ನು ಪಾಲಿಸಬೇಕು.

ಮೊದಲನೆಯದು, ಹೆಸರು ಬರೆಸಬಾರದು. ತರಗತಿಯ ಮೇಷ್ಟ್ರೇ ಉತ್ತರಪತ್ರಿಕೆ ಸಂಗ್ರಹಿಸಬಾರದು. ಒಂದು ಮುಚ್ಚಿದ ಪೆಟ್ಟಿಗೆ ಇಡಿ. ಉತ್ತರ ಕೊಡದಿದ್ದರೂ ಶಿಕ್ಷೆಯಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಪೋಷಕರಿಗೂ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ.

ಎರಡನೆಯದು, ಉತ್ತರವನ್ನು ಪ್ರಶ್ನೆಯೊಳಗೇ ಅಡಗಿಸಬಾರದು. "ಊಟಕ್ಕೆ ಮುಂಚೆ ಕೈ ತೊಳೆಯುತ್ತೀರಲ್ಲವೇ?" ಎಂದರೆ ಯಾರು ತಾನೇ ಇಲ್ಲ ಎಂದಾರು? "ನಿನ್ನೆ ಮಧ್ಯಾಹ್ನ ಊಟಕ್ಕೆ ಮುಂಚೆ ಏನೇನು ಮಾಡಿದಿರಿ?" ಎಂದು ಕೇಳಿ. ತಂಬಾಕಿನ ಸಮೀಕ್ಷೆಯಲ್ಲೂ "ಅಭ್ಯಾಸವಿದೆಯೇ?" ಎಂದು ಕೇಳುವುದಿಲ್ಲ, "ಕಳೆದ 30 ದಿನಗಳಲ್ಲಿ ಬಳಸಿದ್ದೀರಾ?" ಎಂದು ಕೇಳುತ್ತಾರೆ. ನಿಗದಿತ ಕಾಲ ಕೊಟ್ಟರೆ ನೆನಪು ಚುರುಕಾಗುತ್ತದೆ, ಜಾರಿಕೊಳ್ಳುವುದು ಕಷ್ಟವಾಗುತ್ತದೆ.

ಮೂರನೆಯದು, ಮಕ್ಕಳ ಮಾತಿನಲ್ಲಿ ಕೇಳಿ. "ಋತುಸ್ರಾವ" ಎಂದರೆ ಅರ್ಥವಾಗದ ಹುಡುಗಿಗೆ "ಮುಟ್ಟು" ಎಂದರೆ, "ಹೊರಗಾಗುವುದು" ಎಂದರೆ ಅರ್ಥವಾಗುತ್ತದೆ. ಹತ್ತು ಮಕ್ಕಳಿಗೆ ಮೊದಲು ಕೊಟ್ಟು ನೋಡಿ, ತಡವರಿಸಿದ ಕಡೆ ಪದ ಬದಲಿಸಿ.

ನಾಲ್ಕನೆಯದು, ಪ್ರತಿ "ಮಾಡುತ್ತೀರಾ?" ಎಂಬ ಪ್ರಶ್ನೆಯ ಜೊತೆಗೆ "ಇಲ್ಲದಿದ್ದರೆ ಏನು ಅಡ್ಡ ಬರುತ್ತದೆ?" ಎಂಬ ಪ್ರಶ್ನೆ ಇರಲಿ. ಇಡೀ ಪ್ರಶ್ನಾವಳಿಯಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದು. "ಸಾಬೂನು ಬೀರುವಿನಲ್ಲಿದೆ" ಎಂಬ ಉತ್ತರ ಬರುವುದು ಅಲ್ಲಿಂದಲೇ.

ಐದನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಕೇಳುವ ಮುಂಚೆ ನೆರವಿನ ವ್ಯವಸ್ಥೆ ಮಾಡಿಕೊಳ್ಳಿ. ಯಾವುದೋ ಒಂದು ಹಾಳೆಯಲ್ಲಿ "ಬದುಕು ಬೇಡವೆನಿಸಿದೆ" ಎಂದೋ "ಮನೆಯಲ್ಲಿ ಒಬ್ಬರು ಮುಟ್ಟುತ್ತಾರೆ" ಎಂದೋ ಬರೆದಿದ್ದರೆ ಏನು ಮಾಡುತ್ತೀರಿ? ಹೆಸರಿಲ್ಲದ ಹಾಳೆಯಾದ್ದರಿಂದ ಮಗುವನ್ನು ಹುಡುಕಿ ಹೊರಡುವುದು ತಪ್ಪು, ಹಾಳೆಯನ್ನು ಮಡಿಸಿ ಇಟ್ಟುಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಪ್ರಶ್ನಾವಳಿಯ ಕೊನೆಯಲ್ಲೇ 1098 ಮತ್ತು ಮಾನಸಿಕ ನೆರವಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗಳನ್ನು ಮುದ್ರಿಸಿ. ಯಾರ ಬಳಿ ಗುಟ್ಟಾಗಿ ಮಾತಾಡಬಹುದೆಂದು ಇಡೀ ತರಗತಿಗೆ ಹೇಳಿ.

ಸಾಬೂನಿನ ಲೆಕ್ಕ

ಸಮೀಕ್ಷೆ ಆಯಿತು, ಉಪನ್ಯಾಸ ಆಯಿತು, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ ಅಂಕಗಳು ಏರಿದವು. ಎಷ್ಟೋ ವರದಿಗಳು ಇಲ್ಲಿಗೆ ಮುಗಿಯುತ್ತವೆ. ಏರಿದ್ದು ತಿಳಿವಳಿಕೆ, ಅದೂ ಕೇಳಿದ ಮರುದಿನ. ಮೂರು ತಿಂಗಳ ನಂತರ ಏನಾಯಿತು?

ನಡವಳಿಕೆಯನ್ನು ಅಳೆಯಲು ಬಾಯಿಮಾತಿಗಿಂತ ನಂಬಲರ್ಹವಾದ ಸಾಕ್ಷಿಗಳಿವೆ. ತಾವೇ ಹೇಳಿಕೊಂಡದ್ದಕ್ಕಿಂತ ಕಣ್ಣಾರೆ ಕಂಡ ಕೈತೊಳೆಯುವಿಕೆ ಬಹಳ ಕಡಿಮೆ ಎಂಬುದು ಸಂಶೋಧಕರಿಗೆ ಚಿರಪರಿಚಿತ ಸಂಗತಿ. ಆದ್ದರಿಂದ ತಿಂಗಳಿಗೆ ಎಷ್ಟು ಸಾಬೂನು ಸವೆಯಿತೆಂದು ಲೆಕ್ಕ ಹಾಕಿ. ಮಾತ್ರೆಯ ದಿನ ಎಷ್ಟು ಮಂದಿ ಎದುರಿಗೇ ನುಂಗಿದರೆಂದು ನೋಡಿ. ಪ್ರತಿ ತಿಂಗಳು ಅದೇ ಹುಡುಗಿಯರು ಎರಡು ಮೂರು ದಿನ ಗೈರಾಗುವುದು ಕಡಿಮೆಯಾಯಿತೇ ಎಂದು ಹಾಜರಿ ಪುಸ್ತಕ ತಿರುವಿ. ಹತ್ತನೆಯ ತರಗತಿ ಮುಗಿಸಿದ ಹುಡುಗಿಯರಲ್ಲಿ ಎಷ್ಟು ಮಂದಿ ಜೂನ್ ತಿಂಗಳಲ್ಲಿ ಮುಂದಿನ ತರಗತಿಗೆ ಸೇರಿದರೆಂದು ವಿಚಾರಿಸಿ. ಈ ಲೆಕ್ಕಗಳಿಗೆ ಹಣ ಬೇಡ, ಒಂದು ನೋಟ್‌ಪುಸ್ತಕ ಸಾಕು.

ಬಂದ ಫಲಿತಾಂಶವನ್ನು ಮಕ್ಕಳಿಗೇ ಹಿಂದಿರುಗಿಸಿ. "ನಮ್ಮಲ್ಲಿ ಎಂಬತ್ತು ಮಂದಿಗೆ ಗೊತ್ತಿದೆ, ಇಪ್ಪತ್ತು ಮಂದಿ ಮಾಡುತ್ತಿದ್ದೇವೆ, ಏಕೆ?" ಎಂದು ಅವರೇ ಚರ್ಚಿಸಲಿ. ದೊಡ್ಡವರಿಗೆ ಹೊಳೆಯದ ಉಪಾಯಗಳು ಅವರಿಗೆ ಹೊಳೆಯುತ್ತವೆ. ಸಾಬೂನು ಕಳುವಾಗುವುದಾದರೆ ಅದನ್ನು ಬಲೆಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿದರಾಯಿತು ಎಂದು ಐದನೆಯ ತರಗತಿಯ ಮಗು ಹೇಳೀತು.

2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡುವ ಏರ್ಪಾಡಿದೆ. ಹದಿಹರೆಯದವರ ಸಲಹೆಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ವ್ಯವಸ್ಥೆ ಇಲ್ಲವೆಂದಲ್ಲ. ಅದು ತಲುಪಬೇಕಾದವರನ್ನು ತಲುಪಿದೆಯೇ ಎಂದು ಕೇಳುವವರು ಬೇಕು.

ಕೊನೆಯದಾಗಿ ಒಂದು ಮಾತು. ವಿದ್ಯಾರ್ಥಿಗಳ ತಿಳಿವಳಿಕೆ, ಮನೋಭಾವ, ನಡವಳಿಕೆ ಎಂದು ನಾವು ದೊಡ್ಡವರು ಅಳೆಯಲು ಹೊರಡುತ್ತೇವೆ. ಆದರೆ ಬೀಡಿ ತರಲು ಮಗುವನ್ನು ಅಂಗಡಿಗೆ ಕಳಿಸಿದವರು ಯಾರು? ಸಾಬೂನಿಗೆ ಬೀಗ ಹಾಕಿದವರು ಯಾರು? ಗಂಡು ನೋಡಿದವರು ಯಾರು? ಮಗುವಿನ ನಡವಳಿಕೆ ಎಂದು ನಾವು ಬರೆದುಕೊಳ್ಳುವ ಅಂಕಿಯಲ್ಲಿ ಅರ್ಧಕ್ಕೂ ಹೆಚ್ಚು ನಮ್ಮದೇ ನಡವಳಿಕೆ. ಆ ಅರ್ಧವನ್ನು ತಿದ್ದಿಕೊಂಡರೆ, ಉಳಿದರ್ಧವನ್ನು ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ಅವರಿಗೆ ಗೊತ್ತೇ ಇದೆಯಲ್ಲ!

ಮನೆಯಲ್ಲಿ, ತರಗತಿಯಲ್ಲಿ ಚರ್ಚಿಸಲು

1. ನಿಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಮಾಡದ ಒಂದು ಆರೋಗ್ಯದ ಕೆಲಸ ಯಾವುದು? ಅಡ್ಡ ಬರುವುದೇನು?

2. ಮುಟ್ಟಿನ ವಿಷಯದ ಪಾಠಕ್ಕೆ ಹುಡುಗರೂ ಕುಳಿತಿರಬೇಕೇ? ಏಕೆ?

3. ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ತಂಬಾಕು ಮಾರುವ ಅಂಗಡಿಗಳು ಎಷ್ಟಿವೆ? ಎಣಿಸಿ ನೋಡಿ, ಶಾಲೆಯಿಂದ ಎಷ್ಟು ದೂರವೆಂದು ಹೆಜ್ಜೆ ಹಾಕಿ ಅಳೆಯಿರಿ.

4. ನಿಮಗೆ ಕಷ್ಟ ಬಂದರೆ ಗುಟ್ಟಾಗಿ ಮಾತಾಡಬಹುದಾದ ಒಬ್ಬ ದೊಡ್ಡವರ ಹೆಸರು ನಿಮ್ಮ ಮನಸ್ಸಿನಲ್ಲಿದೆಯೇ? ಇಲ್ಲದಿದ್ದರೆ ಅಂಥವರು ಯಾರಾಗಬಹುದು?